ಗೋಡೆ ಸೀಟು

"ಆ ಪೆನ್ಸಿಲ್ ಇತ್ತ ಕೊಡಿ, ಬಾಲ್ಮರ್ ಅವರೇ," ಎಂದು ಎರ್ವಿನ್ ರೋಲ್ಲಿ ಮೇಜಿನಾಚೆಯಿಂದ ಕೈ ಚಾಚಿದ. "ಹತ್ತೊಂಬತ್ತು ವರ್ಷ ಹಿಡಿದಿದ್ದೀರಿ. ಬೆರಳು ನೋಯ್ತಿರಬೇಕು."

ಡೋರ್ಲಿ ಬಾಲ್ಮರ್ ಪೆನ್ಸಿಲನ್ನು ಎತ್ತಿ ಕಿವಿಯ ಹಿಂದೆ ಸಿಕ್ಕಿಸಿಕೊಂಡಳು.

"ಬೆರಳು ಚೆನ್ನಾಗಿದೆ," ಎಂದಳು.

ಯಾರೋ ಕಿಸಕ್ಕೆಂದು ನಕ್ಕರು. ಪೌಲಿಯೇ ಇರಬೇಕು. ಮೇಜಿನ ಸುತ್ತ ಹನ್ನೊಂದು ಜನ ಇದ್ದರು, ಎಲ್ಲರೂ ಕೆಲಸದಿಂದ ನಿವೃತ್ತರಾದವರು. ಬೆರ್ನ್ ನಗರದ ಲೊರೇನ್ ಬಡಾವಣೆಯ ಈ ಕಾಫಿ ಅಂಗಡಿಯ ಹಿಂದಿನ ಮೇಜಿನಲ್ಲಿ ಅವರು ಪ್ರತಿ ಮಂಗಳವಾರ ಎರಡು ಗಂಟೆಗೆ ಸೇರುತ್ತಿದ್ದರು. ಗುರುವಾರ ರೈಲು ಹತ್ತುತ್ತಿದ್ದರು. ಬೆಳಗ್ಗೆ ಹೋಗಿ ಸಂಜೆ ಊಟದ ಹೊತ್ತಿಗೆ ಮನೆ ಸೇರಬೇಕು, ಅಷ್ಟೇ ನಿಯಮ. ಎಲ್ಲಿಗೆ ಹೋಗುವುದು, ಎಲ್ಲಿ ರೈಲು ಬದಲಿಸುವುದು, ಹೋಗುವಾಗ ಯಾವ ಪಕ್ಕ ಕೂತರೆ ಸರೋವರ ಕಾಣುತ್ತದೆ, ಬರುವಾಗ ಯಾವ ಪಕ್ಕ ಕೂತರೆ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ, ಇದೆಲ್ಲವನ್ನೂ ಡೋರ್ಲಿ ಅಂಗೈ ಅಗಲದ ರಟ್ಟಿನ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ತರುತ್ತಿದ್ದಳು. ಹತ್ತೊಂಬತ್ತು ವರ್ಷದ ಚೀಟಿಗಳು ಅವಳ ಮನೆಯ ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿದ್ದವು.

ಅವಳಿಗೆ ಈ ವಿದ್ಯೆ ಬಂದದ್ದು ಹೊಲಿಗೆಯಿಂದ. ಮೂವತ್ತೊಂದು ವರ್ಷ ಅವಳು ರೈಲಿನ ಸೀಟುಗಳಿಗೆ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದಳು. ಯಾವ ಬೋಗಿಯಲ್ಲಿ ಯಾವ ಸೀಟಿನ ಪಕ್ಕಕ್ಕೆ ಕಿಟಕಿಯ ಬದಲು ಬರಿಯ ಗೋಡೆ ಬರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲಳು. ಗುಂಪಿನವರು ಅದನ್ನು 'ಗೋಡೆ ಸೀಟು' ಎನ್ನುತ್ತಿದ್ದರು. ಮೊದಲ ಗುರುವಾರವೇ ಡೋರ್ಲಿ ಅದರಲ್ಲಿ ತಾನು ಕೂತಳು. ಅಂದಿನಿಂದ ಅದು ಮುಂದಾಳಿನ ಸೀಟು.

"ಬೆರಳಿನ ಮಾತಲ್ಲ ಬಿಡಿ," ಎಂದ ಎರ್ವಿನ್. ಅವನು ಅಂಚೆ ಕಚೇರಿಯಲ್ಲಿ ಮುಖ್ಯಸ್ಥನಾಗಿದ್ದವನು. ಗುಂಪಿಗೆ ಸೇರಿ ಒಂದು ವರ್ಷವಾಗಿತ್ತು. "ಶ್ಪೀಟ್ಸ್‌ನಲ್ಲಿ ಏನಾಯ್ತು ಅಂತ ಎಲ್ಲರಿಗೂ ನೆನಪಿದೆ."

ಅಕ್ಟೋಬರಿನಲ್ಲಿ ಶ್ಪೀಟ್ಸ್ ನಿಲ್ದಾಣದಲ್ಲಿ ಅವರು ಇಳಿದಾಗ ಮುಂದಿನ ರೈಲು ಹೊರಟುಹೋಗಿತ್ತು. ಹಳಿ ದುರಸ್ತಿಯೆಂದು ಆ ರೈಲನ್ನು ಮೂರು ವಾರ ಆರು ನಿಮಿಷ ಮೊದಲೇ ಬಿಡುತ್ತಿದ್ದರು. ಹಾಗೆಂದು ಬೆರ್ನ್ ನಿಲ್ದಾಣದಲ್ಲಿ ಹಳದಿ ಸೂಚನೆ ಅಂಟಿಸಿದ್ದರು. ಡೋರ್ಲಿ ಅದರ ಮುಂದೆಯೇ ನಿಂತಿದ್ದಳು. ಹನ್ನೊಂದು ಜನ ಗಾಳಿಯಲ್ಲಿ ಒಂದು ಗಂಟೆ ನಿಂತರು. ಹನ್ನಿ ಸ್ಟುಕಿಗೆ ಕೆಮ್ಮು ಹಿಡಿದು ಎರಡು ವಾರ ಬಿಡಲಿಲ್ಲ.

"ಅದಕ್ಕೇ ಹೇಳೋದು," ಎರ್ವಿನ್ ಮಾತು ಮುಂದುವರಿಸಿದ. "ಇನ್ಮೇಲೆ ನಾನು ಫೋನ್ ನೋಡಿ ಎಲ್ಲ ಮಾಡ್ತೀನಿ. ಒಂದಕ್ಕಿಂತ ಹೆಚ್ಚು ಕಡೆ ರೈಲು ಬದಲಿಸೋದು ಬೇಡ. ಈ ಗುರುವಾರ ಥುನ್‌ಗೆ ಹೋಗೋಣ. ಇಪ್ಪತ್ತು ನಿಮಿಷ. ಸರೋವರದ ಪಕ್ಕ ಕಾಫಿ ಕುಡಿದು ಬರೋಣ." ಅವನು ತನ್ನ ವೈನ್ ಗ್ಲಾಸನ್ನು ಅವಳತ್ತ ಎತ್ತಿದ. "ಮತ್ತೆ, ನಾವಿಬ್ಬರೂ ಈ 'ನೀವು' 'ತಾವು' ಎಲ್ಲ ಬಿಟ್ಟುಬಿಡೋಣ. ನಾನು ಎರ್ವಿನ್."

ಡೋರ್ಲಿ ತನ್ನ ಗ್ಲಾಸನ್ನು ಮುಟ್ಟಲಿಲ್ಲ.

"ಅದನ್ನ ಹೇಳಬೇಕಾದವಳು ನಾನು, ರೋಲ್ಲಿ ಅವರೇ. ನಿಮಗಿಂತ ಎಂಟು ವರ್ಷ ದೊಡ್ಡವಳು. ನಾನಿನ್ನೂ ಹೇಳಿಲ್ಲ."

"ಅಯ್ಯೋ, ಬಿತ್ತು ಏಟು," ಎಂದ ಪೌಲಿ ಮೀಸೆಯೊಳಗೆ.

"ಥುನ್‌ನಲ್ಲಿ ಮಂಜು," ಎಂದಳು ಡೋರ್ಲಿ ಎಲ್ಲರತ್ತ ತಿರುಗಿ. "ಇಲ್ಲೂ ಮಂಜು. ಹನ್ನೆರಡು ದಿನ ಆಯ್ತು ನಾವು ಸೂರ್ಯನ್ನ ನೋಡಿ. ಮಂಜಿನ ಅಡಿ ಕೂತು ಕಾಫಿ ಕುಡಿಯೋಕೆ ರೈಲು ಯಾಕೆ, ಇಲ್ಲೇ ಕುಡೀತಾ ಇದ್ದೀವಲ್ಲ. ಮಂಜಿನ ಮೇಲ್ತುದಿ ಒಂಬೈನೂರು ಮೀಟರು ಅಂತ ಬೆಳಗ್ಗೆ ರೇಡಿಯೋದಲ್ಲಿ ಹೇಳಿದ್ರು. ನಾನು ನಿಮ್ಮನ್ನ ಸಾವಿರಕ್ಕೆ ಕರ್ಕೊಂಡು ಹೋಗ್ತೀನಿ. ಯೂರಾ ಬೆಟ್ಟಕ್ಕೆ. ಎರಡು ಕಡೆ ಬದಲಿಸಬೇಕು."

"ಮತ್ತೆ ತಪ್ಪಿದ್ರೆ?" ಎಂದ ಎರ್ವಿನ್.

ಅವಳು ಮಾತನ್ನು ತೂಗಿ ಆಡುವವಳು. ಆದರೂ ಹೇಳಿಬಿಟ್ಟಳು: "ತಪ್ಪಿದ್ರೆ ಪೆನ್ಸಿಲ್ ನಿಮ್ಮದು."

ಹೊರಗೆ ಮಂಜಿಗೆ ಬೀದಿದೀಪಗಳು ಆಗಲೇ ಹತ್ತಿದ್ದವು. ತಾನೇಕೆ ಹಾಗೆ ಬಾಯಿಬಿಟ್ಟೆ? ಎದುರಿನ ಬೀದಿದೀಪವನ್ನು ನೋಡಿದಳು. ದೀಪ ಮಾಯವಾಯಿತು. ಕಣ್ಣನ್ನು ಪಕ್ಕದ ಗೋಡೆಗೆ ಹೊರಳಿಸಿದಳು. ಕಣ್ಣಂಚಿನಲ್ಲಿ ದೀಪ ಮತ್ತೆ ಬಂತು. ಆಗಸ್ಟಿನಿಂದ ಹೀಗೇ. ಯಾವುದನ್ನು ನೇರ ನೋಡಿದರೂ ಅಲ್ಲೊಂದು ಮಸಿ. ಇನ್ನು ಸರಿಹೋಗುವುದಿಲ್ಲ, ಸುತ್ತಲಿನದು ಉಳಿಯುತ್ತದೆ ಎಂದು ವೈದ್ಯರು ಹೇಳಿದ್ದರು. ಸುತ್ತಲಿನದು ಉಳಿದಿದ್ದರಿಂದಲೇ ಯಾರಿಗೂ ಗೊತ್ತಾಗಿರಲಿಲ್ಲ. ಅವಳು ಎಡವುತ್ತಿರಲಿಲ್ಲ, ಮೆಟ್ಟಿಲು ತಪ್ಪುತ್ತಿರಲಿಲ್ಲ. ಅಕ್ಷರ ಮಾತ್ರ ಓದಲಾರಳು, ಮುಖ ಗುರುತಿಸಲಾರಳು. ಧ್ವನಿಯಿಂದ, ಬೂಟಿನಿಂದ, ಕೋಟಿನ ಬಣ್ಣದಿಂದ ಜನರನ್ನು ಹಿಡಿಯುತ್ತಿದ್ದಳು. ಪೆನ್ಸಿಲ್ ಬಿಟ್ಟರೆ ತನ್ನನ್ನು ಒಂದು ಕುರ್ಚಿಯಲ್ಲಿ ಕೂರಿಸುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ತುಂಬ ಪ್ರೀತಿಯಿಂದಲೇ ಕೂರಿಸುತ್ತಾರೆ. ಕಾಲ ಮೇಲೆ ಕಂಬಳಿ ಹೊದಿಸುತ್ತಾರೆ.

ಬುಧವಾರ ಬೆಳಗ್ಗೆ ಹನ್ನಿ ಸ್ಟುಕಿ ಅವಳ ಅಡುಗೆಮನೆಗೆ ಬಂದಳು. ಬೇರೆ ಯಾರಿಗೂ ಹೇಳದೆ ಬಂದಿದ್ದಳು. ಕೋಟು ಬಿಚ್ಚದೆ ಕೂತು, ಚೀಲದಿಂದ ಕನ್ನಡಕ ತೆಗೆದು ಮೂಗಿಗೇರಿಸಿದಳು.

"ಎಲ್ಲಿ ವೇಳಾಪಟ್ಟಿ? ಕೊಡು, ನಾನು ಓದ್ತೀನಿ, ನೀನು ಬರ್ಕೋ."

"ಯಾಕೆ, ನನಗೆ ಓದೋಕೆ ಬರಲ್ವಾ?"

"ನನ್ನ ಕೇಳಬೇಡ, ನಾನೂ ನಿನ್ನ ಕೇಳಲ್ಲ," ಎಂದಳು ಹನ್ನಿ. "ಹೋದ ವಾರ ಕಾಫಿಗೆ ಸಕ್ಕರೆ ಅಂತ ಉಪ್ಪು ಹಾಕ್ಕೊಂಡು ಪೂರ್ತಿ ಕುಡಿದೆಯಲ್ಲ ಕಣೇ. ಮುಖ ಸಹ ಕಿವುಚಲಿಲ್ಲ. ಅಷ್ಟು ಹಟ ಇರೋಳಿಗೆ ನಾನೇನು ಹೇಳಲಿ."

ಡೋರ್ಲಿ ಬೆಣ್ಣೆ ಸವರಿದ ಬ್ರೆಡ್ಡಿನ ತಟ್ಟೆಯನ್ನು ಅವಳತ್ತ ಸರಿಸಿದಳು. ಹನ್ನಿ ಓದುತ್ತ ಹೋದಳು. ಓದಿನ ನಡುವೆ ಮೊಮ್ಮಗಳ ಮದುವೆ, ಕೆಳಮನೆಯವರ ನಾಯಿ, ತನ್ನ ಮೊಣಕಾಲು ಎಲ್ಲ ಬಂದವು. ಡೋರ್ಲಿ ನಿಮಿಷಗಳನ್ನಷ್ಟೇ ಹೆಕ್ಕಿಕೊಂಡು ದಪ್ಪ ಅಕ್ಷರದಲ್ಲಿ ಬರೆದಳು. ಬೆರ್ನಿನಿಂದ ಬೀಲ್, ಬೀಲ್‌ನಿಂದ ಲಾ ಶೋ-ದ-ಫೋನ್, ಅಲ್ಲಿಂದ ಬೆಟ್ಟದ ಸಣ್ಣ ಕೆಂಪು ರೈಲು. ಪ್ರೇ-ರೋನ್ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಊಟದ ಮನೆ.

"ಪ್ರೇ-ರೋನ್ ಎದುರಿಗೆ ಒಂದು ಇಂಟು ಗುರುತು ಇದೆ," ಎಂದಳು ಹನ್ನಿ.

"ಗೊತ್ತು. ಗುಂಡಿ ಒತ್ತಿದ್ರೆ ಮಾತ್ರ ರೈಲು ನಿಲ್ಲುತ್ತೆ. ಒತ್ತದಿದ್ರೆ ಹೋಗ್ತಾ ಇರುತ್ತೆ. ನಾನೇ ಒತ್ತುತೀನಿ."

ಗುರುವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು. ಬೀಲ್‌ನಲ್ಲಿ ಏಳು ನಿಮಿಷವಿತ್ತು, ನಾಲ್ಕೇ ಸಾಕಾಯಿತು. ಒಂಬತ್ತು ಗಂಟೆಗೆ ಎಲ್ಲರೂ ತಿಂಡಿ ಬಿಚ್ಚಿದರು. ಒಣ ಸಾಸೇಜು, ಚೀಸು, ಹನ್ನಿಯ ಥರ್ಮಸಿನ ಕಾಫಿ. ಡೋರ್ಲಿ ಗೋಡೆ ಸೀಟಿನಲ್ಲಿ ಬೂದು ಬಣ್ಣದ ರೆಕ್ಸಿನ್ ಗೋಡೆಗೆ ಭುಜ ತಾಗಿಸಿ ಕೂತಿದ್ದಳು. ಕಿಟಕಿಗಳ ಹೊರಗೆ ಮಂಜು ಹಾಲಿನ ಕೆನೆಯಂತೆ ಅಂಟಿಕೊಂಡಿತ್ತು. ಎರ್ವಿನ್ ಎರಡು ಸೀಟಿನಾಚೆ ಫೋನ್ ಹಿಡಿದು ಪ್ರತಿ ನಿಲ್ದಾಣದ ನಿಮಿಷವನ್ನೂ ತಾಳೆ ನೋಡುತ್ತಿದ್ದ. ಒಂದು ಸಲ ಮಾತ್ರ, "ಸರಿಯಾಗಿದೆ," ಎಂದ. ಬೇಸರದ ದನಿಯಿತ್ತು.

ಕೊನೆಯ ಸುರಂಗದಿಂದ ಹೊರಬಂದಾಗ ಬೋಗಿಯೊಳಗೆ ಒಮ್ಮೆಲೇ ಬಿಸಿಲು ನುಗ್ಗಿತು. ಎಲ್ಲರೂ ಸೇರಿ "ಓ" ಎಂದರು. ಡೋರ್ಲಿಗೆ ತನ್ನ ಬಲಗಣ್ಣಿನ ಅಂಚಿನಲ್ಲಿ ನೀಲಿ ಕಂಡಿತು, ತುಂಬ ದಿನದ ಮೇಲೆ. ಅದನ್ನು ನೋಡಲು ಮುಖ ತಿರುಗಿಸಿದಳು, ಅದು ಹೋಯಿತು. ಮತ್ತೆ ಮುಖವನ್ನು ಗೋಡೆಗೆ ತಿರುಗಿಸಿ ಅಂಚಿನಿಂದಲೇ ನೋಡಿದಳು.

"ಏನೇ ಡೋರ್ಲಿ, ಕೋಳಿ ನೋಡಿದ ಹಾಗೆ ನೋಡ್ತಿದ್ದೀಯ?" ಎಂದ ಪೌಲಿ.

"ನಿನ್ನ ನೇರ ನೋಡೋಕಾಗುತ್ತಾ, ಮಾರಾಯ?"

ಕೆಂಪು ರೈಲಿಗೆ ಬದಲಿಸಿದಾಗ ಎಲ್ಲರ ಮೈಯಲ್ಲೂ ಉತ್ಸಾಹ. ಫರ್ ಮರಗಳು, ಹುಲ್ಲುಗಾವಲು, ಕಂದು ಕುದುರೆಗಳು. ಪೌಲಿ ಕುದುರೆ ವ್ಯಾಪಾರಿಯೊಬ್ಬನ ಕಥೆ ತೆಗೆದ. ಎಲ್ಲರೂ ಬಿದ್ದುಬಿದ್ದು ನಕ್ಕರು. ಹನ್ನಿ ಮಾತ್ರ ಬಿಸಿಲಿನ ಸುಖಕ್ಕೆ ಬಾಯಿ ತೆರೆದು ನಿದ್ದೆ ಹೋಗಿದ್ದಳು.

ಆ ನಗುವಿನಲ್ಲಿ ಧ್ವನಿವರ್ಧಕ ಹೇಳಿದ ನಿಲ್ದಾಣದ ಹೆಸರು ಮುಚ್ಚಿಹೋಯಿತು. ಡೋರ್ಲಿ ಬೆನ್ನು ನೆಟ್ಟಗೆ ಮಾಡಿದಳು. ಯಾವುದು ಬರುತ್ತಿದೆ? ರೈಲು ರಸ್ತೆ ದಾಟುವಲ್ಲಿನ ಗಂಟೆ ಎರಡು ಸಲ ಕೇಳಬೇಕು, ಎರಡನೆಯದಾದ ಮೇಲೆ ಪ್ರೇ-ರೋನ್, ಇದು ಅವಳ ಲೆಕ್ಕ. ಒಂದು ಕೇಳಿತ್ತು. ಈಗ ಇನ್ನೊಂದು ಕೇಳಿತು. ಅದು ಯಾವುದೋ ತೋಟದ ಮನೆಯ ದಾರಿಯ ಗಂಟೆಯೋ ತನ್ನ ಲೆಕ್ಕದ್ದೋ? ಎರಡು ಸೀಟಿನಾಚೆ ಎರ್ವಿನ್ ಕೈಯಲ್ಲಿ ಫೋನ್ ಇತ್ತು. ಕೇಳಿದ್ದರೆ ಹೇಳುತ್ತಿದ್ದ. ಅವಳು ಕೇಳಲಿಲ್ಲ. ಕೈ ಚಾಚಿ ಬಾಗಿಲ ಪಕ್ಕದ ಗುಂಡಿಯನ್ನು ತಡವಿ ಒತ್ತಿದಳು.

ಗುಂಡಿ ಒತ್ತಿದ್ದೇ ತಡ, ಗುಂಪು ಎದ್ದಿತು. ರೈಲು ನಿಲ್ಲುವ ಎರಡು ನಿಮಿಷ ಮೊದಲೇ ಕೋಟು ತೊಟ್ಟು, ಚೀಲ ಏರಿಸಿ, ಬಾಗಿಲ ಮುಂದೆ ಸಾಲಾಗಿ ನಿಲ್ಲದಿದ್ದರೆ ಅವರಿಗೆ ಸಮಾಧಾನವಿಲ್ಲ. ಹನ್ನಿಯನ್ನೂ ಎಬ್ಬಿಸಿ ನಿಲ್ಲಿಸಿದರು. ರೈಲು ನಿಂತಿತು, ಇಳಿದರು, ಬಾಗಿಲು ಮುಚ್ಚಿತು, ರೈಲು ಹೋಯಿತು.

ಒಂದು ಮರದ ಬೆಂಚು. ಒಂದು ಕಂಬ. ಸುತ್ತ ಹುಲ್ಲು. ಊಟದ ಮನೆ ಇರಲಿಲ್ಲ.

ಡೋರ್ಲಿಗೆ ಅದು ಮೊದಲು ಗೊತ್ತಾದದ್ದು ವಾಸನೆಯಿಂದ. ಹೊಗೆಯಿಲ್ಲ, ಹುರಿದ ಆಲೂಗಡ್ಡೆಯ ಘಮವಿಲ್ಲ.

"ಇದು ಪ್ರೇ-ರೋನ್ ಅಲ್ಲ," ಎಂದ ಎರ್ವಿನ್, ಫಲಕ ಓದುತ್ತ. "ಒಂದು ಸ್ಟೇಷನ್ ಮೊದಲೇ ಇಳಿದಿದ್ದೀವಿ. ಮುಂದಿನ ರೈಲು ಇನ್ನೊಂದು ಗಂಟೆಗೆ."

"ಇಳಿಯೋಕೆ ಮೊದಲು ಹೇಳೋದಲ್ವಾ?" ಎಂದಳು ಹನ್ನಿ ರೇಗಿ. "ಕೈಲಿ ಫೋನ್ ಹಿಡಿದು ಕೂತಿದ್ರಲ್ಲ!"

"ಎಲ್ಲರೂ ಎದ್ರು, ನಾನೂ ಎದ್ದೆ. ಬೇರೇನೋ ಯೋಚನೆ ಇರಬೇಕು ಅಂದ್ಕೊಂಡೆ." ಅವನು ಡೋರ್ಲಿಯ ಕಡೆ ತಿರುಗಿದ. ಅವನ ದನಿ ಗೆದ್ದವನದ್ದಾಗಿರಲಿಲ್ಲ. ಹಾಗಿದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಬಾಲ್ಮರ್ ಅವರೇ, ಸಾಕು. ಯಾರಿಗಾದ್ರೂ ಏನಾದ್ರೂ ಆಗೋಕೆ ಮುಂಚೆ ಬಿಟ್ಟುಬಿಡಿ."

ಹತ್ತು ಜೊತೆ ಬೂಟುಗಳು ಡೋರ್ಲಿಯ ಸುತ್ತ ನಿಂತಿದ್ದವು, ಮುಖಗಳಿಲ್ಲದೆ. ಗುಂಡಿ ಕೆಟ್ಟಿತ್ತು ಅನ್ನಬಹುದು. ಧ್ವನಿವರ್ಧಕ ತಪ್ಪು ಹೇಳಿತು ಅನ್ನಬಹುದು. ನಡೆಸಲೆಂದೇ ಇಲ್ಲಿ ಇಳಿಸಿದೆ ಅಂದರೂ ಇವರು ನಂಬುತ್ತಾರೆ, ಹತ್ತೊಂಬತ್ತು ವರ್ಷ ನಂಬಿದವರು.

"ನನಗೆ ಕಣ್ಣು ಕಾಣಲ್ಲ," ಎಂದಳು.

ದೂರದಲ್ಲಿ ಕುದುರೆಯ ಕೊರಳ ಗಂಟೆ ಅಲುಗಿತು.

"ಆಗಸ್ಟಿನಿಂದ. ನಡುವೆ ಒಂದು ಮಸಿ ಇದೆ. ಅಂಚು ಚೆನ್ನಾಗಿದೆ. ಪೌಲಿ, ನಿನ್ನ ಬೂಟು ಕಾಣುತ್ತೆ, ಮುಖ ಕಾಣಲ್ಲ."

"ಅದೇನು ದೊಡ್ಡ ನಷ್ಟ ಅಲ್ಲ ಬಿಡು," ಎಂದ ಪೌಲಿ. ಅವನ ದನಿ ಒಡೆದಿತ್ತು.

"ಶ್ಪೀಟ್ಸ್‌ನಲ್ಲೂ ಅದೇ ಆಗಿದ್ದು. ಸೂಚನೆ ಮುಂದೆ ನಿಂತಿದ್ದೆ, ಓದೋಕಾಗಲಿಲ್ಲ. ಹೇಳಬೇಕಿತ್ತು, ಹೇಳಲಿಲ್ಲ. ಇವತ್ತು ಯಾವ ಸ್ಟೇಷನ್ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಎರಡೂ ನನ್ನ ತಪ್ಪು. ಹನ್ನಿ, ನಿನ್ನ ಕೆಮ್ಮಿಗೆ ನಾನೇ ಕಾರಣ. ಕ್ಷಮಿಸು." ಅವಳು ಉಸಿರೆಳೆದುಕೊಂಡಳು. "ಆದ್ರೆ ಒಂದು ಮಾತು. ಮನೇಲಿ ಕೂರಲ್ಲ. ನನ್ನ ಕೈ ಹಿಡಿದು ಬಸ್ಸು ಹತ್ತಿಸೋದು, ಥುನ್‌ನಲ್ಲಿ ಬೆಂಚಿನ ಮೇಲೆ ಕೂರಿಸಿ ಕೇಕು ತಿನ್ನಿಸೋದು, ಅದೆಲ್ಲ ಬೇಡ. ಯಾರಾದ್ರೂ ನನಗೆ ಕಂಬಳಿ ಹೊದಿಸೋಕೆ ಬಂದ್ರೆ ಕಚ್ಚುತೀನಿ."

ಹನ್ನಿ ಮೂಗು ಒರೆಸಿಕೊಂಡಳು. ಬೂಟುಗಳು ಅತ್ತಿತ್ತ ಅಲುಗಿದವು.

ಡೋರ್ಲಿ ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದು ಎರ್ವಿನ್ ನಿಂತಿದ್ದ ಕಡೆಗೆ ಚಾಚಿದಳು.

"ಮಾತು ಕೊಟ್ಟಿದ್ದೆ. ತಗೊಳ್ಳಿ."

ಅವನು ತಕ್ಷಣ ತೆಗೆದುಕೊಳ್ಳಲಿಲ್ಲ. "ಹೀಗೆ ಬೇಡ, ಬಾಲ್ಮರ್ ಅವರೇ..."

"ತಗೊಳ್ಳಿ ಅಂದೆ." ಪೆನ್ಸಿಲ್ ಅವಳ ಬೆರಳುಗಳಿಂದ ಹೋಯಿತು. "ಆಯ್ತಾ? ಈಗ ಆ ಕಂಬದ ಹತ್ತಿರ ಹೋಗಿ. ಅಲ್ಲಿ ಹಳದಿ ಕೈಮರ ಇರಬೇಕು. ಏನು ಬರೆದಿದೆ ಓದಿ."

"ಯಾಕೆ?"

"ನನಗೆ ಕಾಣಲ್ಲ, ಅದಕ್ಕೆ."

ಅವನು ಹೋಗಿ ಓದಿದ. ಮೂರು ಊರಿನ ಹೆಸರು, ಮೂರು ಸಮಯ. ಪ್ರೇ-ರೋನ್‌ಗೆ ನಡಿಗೆಯಲ್ಲಿ ಮೂವತ್ತೈದು ನಿಮಿಷ.

"ಕಾಡಿನ ಅಂಚಿನ ದಾರಿಯೋ, ಹಳಿ ಪಕ್ಕದ್ದೋ?"

"ಬಾಣ ಕಾಡಿನ ಕಡೆ ಇದೆ."

"ಹಾಗಾದ್ರೆ ಸಮತಟ್ಟು. ಬಿಸಿಲು ಪೂರ್ತಿ ಬಲಕ್ಕೆ. ಎರಡು ಗೇಟು ಬರುತ್ತೆ, ದಾಟಿದಮೇಲೆ ಕೊನೆಯವರು ಮುಚ್ಚಬೇಕು, ಕುದುರೆಗಳು ಆಚೆ ಹೋಗ್ತವೆ. ಹನ್ನಿ, ನಿನ್ನ ಮೊಣಕಾಲಿಗೆ ಐವತ್ತು ನಿಮಿಷ. ಇಲ್ಲೇ ರೈಲು ಕಾಯೋರು ಕಾಯಬಹುದು. ನಾನು ನಡೀತೀನಿ."

"ಐವತ್ತಲ್ಲ, ಒಂದು ಗಂಟೆ," ಎಂದಳು ಹನ್ನಿ. "ಆದ್ರೂ ಬರ್ತೀನಿ. ಆ ಬೆಂಚು ನೋಡಿದ್ರೇ ನನಗೆ ಕೆಮ್ಮು ಬರುತ್ತೆ."

ಎಲ್ಲರೂ ನಡೆದರು, ಎರ್ವಿನ್ ಕೂಡ. ಅವನು ಕೊನೆಯಲ್ಲಿ ಬರುತ್ತಿದ್ದ. ಎರಡು ಸಲ ಗೇಟು ಮುಚ್ಚುವ ಸದ್ದು ಡೋರ್ಲಿಗೆ ಕೇಳಿತು. ಕೆಳಗೆ ಕಣಿವೆಯಲ್ಲೆಲ್ಲ ಮಂಜು ತುಂಬಿ ಬಿಳಿಯ ಕಡಲಾಗಿದೆಯೆಂದೂ, ಅದರಾಚೆ ಆಲ್ಪ್ಸ್ ಸಾಲಾಗಿ ನಿಂತಿದೆಯೆಂದೂ ಪೌಲಿ ಅವಳ ಪಕ್ಕ ನಡೆಯುತ್ತ ಹೇಳಿದ. ಶಿಖರಗಳ ಹೆಸರುಗಳನ್ನು ಒಂದಾದ ಮೇಲೊಂದು ತಪ್ಪು ಹೇಳಿದ. ಅವಳು ಒಂದೊಂದನ್ನೂ ತಿದ್ದಿದಳು.

ಊಟದ ಮನೆಯ ಯಜಮಾನಿ ಆಲೂಗಡ್ಡೆಯನ್ನು ಎರಡನೆಯ ಸಲ ಬಿಸಿ ಮಾಡಿ, ಫ್ರೆಂಚಿನಲ್ಲಿ ಗೊಣಗುತ್ತ ಬಡಿಸಿದಳು. ತಳ ಸ್ವಲ್ಪ ಸೀದಿತ್ತು. ಯಾರೂ ದೂರಲಿಲ್ಲ.

ಊಟದ ನಡುವೆ ಎರ್ವಿನ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ಮುಂದಿನ ಗುರುವಾರದ ಬಗ್ಗೆ," ಎಂದ. "ಪೆನ್ಸಿಲ್ ಈಗ ನನ್ನ ಹತ್ತಿರ ಇರೋದ್ರಿಂದ..."

"ಪೆನ್ಸಿಲ್ ನಿಮ್ಮದು ಅಂದೆ," ಎಂದಳು ಡೋರ್ಲಿ, ತಟ್ಟೆಯಿಂದ ತಲೆಯೆತ್ತದೆ. "ಎಲ್ಲಿಗೆ ಹೋಗೋದು ಅನ್ನೋ ತೀರ್ಮಾನ ನಿಮ್ಮದು ಅಂತ ಯಾವಾಗ ಅಂದೆ?"

ಪೌಲಿ ಫೋರ್ಕು ಕೆಳಗಿಟ್ಟ.

"ನೀವು ಓದಿ, ನೀವು ಬರೀರಿ. ಸೂಚನೆ ಇದ್ರೆ ಹೇಳಿ, ಸ್ಟೇಷನ್ ಬಂದ್ರೆ ಹೇಳಿ, ನಾನು ತಪ್ಪಿದ್ರೆ ಎಲ್ಲರ ಮುಂದೆ ಕೂಗಿ ಹೇಳಿ. ನಾನು ಕೇಳ್ತೀನಿ. ಇವತ್ತಿನ ಹಾಗೆ ಬಾಯಿ ಮುಚ್ಚಿಕೊಂಡು ಹಿಂದೆ ಇಳಿಯಬೇಡಿ. ಆದ್ರೆ ದಾರಿ ನನ್ನದು. ಮಂಗಳವಾರ ಹನ್ನೊಂದಕ್ಕೆ ನಮ್ಮನೆಗೆ ಬನ್ನಿ. ಕನ್ನಡಕ ತನ್ನಿ."

"ನಾನಿನ್ನೂ ಒಪ್ಪಿಲ್ಲ."

"ಒಪ್ಪದೇ ಬನ್ನಿ."

"ಮತ್ತೆ ಉಳಿದವರು? ಇವರನ್ನೂ ಕೇಳಬೇಕಲ್ಲ," ಎಂದ ಎರ್ವಿನ್ ಸುತ್ತ ನೋಡುತ್ತ.

ಮುಖಗಳು ಕಾಣುತ್ತಿದ್ದರೆ ಅವನ್ನು ಓದಬಹುದಿತ್ತು. ಡೋರ್ಲಿ ಸೀದ ಆಲೂಗಡ್ಡೆಯನ್ನು ಅಗಿಯುತ್ತ ಕಾದಳು.

"ಕೇಳೋದೇನು," ಎಂದಳು ಹನ್ನಿ. "ಹದಿನಾಲ್ಕು ದಿನ ಆದಮೇಲೆ ಇವತ್ತು ಸೂರ್ಯನ್ನ ನೋಡಿದೆ. ನಾನು ಥುನ್‌ಗೆ ಬರಲ್ಲ."

"ನಾನೂ ಬರಲ್ಲ," ಎಂದ ಪೌಲಿ. ಆಮೇಲೆ ಇನ್ನೂ ಕೆಲವು ದನಿಗಳು. ಎಲ್ಲವೂ ಅಲ್ಲ. ಮೂಲೆಯಲ್ಲಿ ಇಬ್ಬರು ಸುಮ್ಮನಿದ್ದರು. ಯಾರೆಂದು ಅವಳಿಗೆ ಗೊತ್ತಿತ್ತು. ಅವರು ಮುಂದಿನ ವಾರ ಬರಲಿಕ್ಕಿಲ್ಲ. ಬರದಿದ್ದರೆ ಬೇಡ.

ಮೂರೂವರೆಗೆ ಪ್ರೇ-ರೋನ್ ನಿಲ್ದಾಣದಲ್ಲಿ ಕಂಬದ ಗುಂಡಿಯನ್ನು ಎರ್ವಿನ್ ಒತ್ತಿದ. ಕೆಂಪು ರೈಲು ನಿಂತಿತು. ಲಾ ಶೋ-ದ-ಫೋನ್‌ನಲ್ಲಿ ಬದಲಿಸಿ ದೊಡ್ಡ ರೈಲು ಹತ್ತಿದಾಗ ಡೋರ್ಲಿ ಗೋಡೆ ಸೀಟಿನ ಮುಂದೆ ಒಂದು ಗಳಿಗೆ ನಿಂತಳು. ಆ ಬಟ್ಟೆಯ ಹೊಲಿಗೆಯನ್ನು ಬೆರಳಿನಿಂದ ಸವರಿದಳು. ಹೊಲಿಗೆ ಸರಿಯಾಗಿಯೇ ಇತ್ತು. ಆಮೇಲೆ ಅದನ್ನು ದಾಟಿ ಹೋಗಿ ಕಿಟಕಿಯ ಪಕ್ಕ ಕೂತಳು.

"ಅದು ನನ್ನ..." ಎಂದು ಎರ್ವಿನ್ ತೊಡಗಿದ. ಚೀಟಿಯ ಪ್ರಕಾರ ಆ ಕಿಟಕಿ ಅವನದು.

"ಇವತ್ತಿನಿಂದ ನನ್ನದು. ನೀವು ಗೋಡೆ ಪಕ್ಕ ಕೂತ್ಕೊಳ್ಳಿ. ಬರೆಯೋಕೆ ಅಲ್ಲೇ ಅನುಕೂಲ, ಗೋಡೆಗೆ ಮೊಣಕೈ ಊರಬಹುದು."

"ಕಿಟಕಿ ಇಟ್ಕೊಂಡು ನೀವೇನು ಮಾಡ್ತೀರಿ?" ಎಂದ ಅವನು. ಕೇಳಿದಮೇಲೆ ತಾನೇ ನಾಲಿಗೆ ಕಚ್ಚಿಕೊಂಡ.

"ಅಂಚಿನಲ್ಲಿ ಬೆಳಕು ಬರುತ್ತೆ. ನನಗೆ ಅದು ಬೇಕು."

ರೈಲು ಹೊರಟಿತು. ಬಿಸಿಲು ಅವಳ ಕೆನ್ನೆಯ ಮೇಲೆ, ಮಡಿಲಿನ ಮೇಲೆ, ಕೈಗಳ ಮೇಲೆ ಬಿತ್ತು. ಆಮೇಲೆ ಸುರಂಗ. ಸುರಂಗದಾಚೆ ಇಳಿಜಾರು, ಬೂದು ಬಣ್ಣ, ಮತ್ತೆ ಮಂಜು. ಬೋಗಿಯಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟು ಕಿಟಕಿಗಳಿಂದ ಮುಖ ತಿರುಗಿಸಿದರು.

"ಇನ್ನು ಬೀಲ್‌ವರೆಗೂ ಏನೂ ಕಾಣಲ್ಲ," ಎಂದ ಎರ್ವಿನ್.

"ಬಲಗಡೆ ಶಾಸ್ಸೆರಾಲ್ ಬೆಟ್ಟ ಇದೆ," ಎಂದಳು ಡೋರ್ಲಿ, ಬೂದು ಗಾಜಿನಿಂದ ಕದಲದೆ. "ಬರ್ಕೊಳ್ಳಿ, ರೋಲ್ಲಿ ಅವರೇ. ಮುಂದಿನ ಗುರುವಾರ. ಬೆಳಗ್ಗೆ ಏಳರ ರೈಲು. ಮೂರು ಕಡೆ ಬದಲಿಸಬೇಕು."

"ಮೂರು ಕಡೆನಾ?"

"ಮೂರು. ಬರೀರಿ."